ಮಹಾನಂದಾ ಬಾಯಿ ಮತ್ತು ನಮ್ಮ ಓಣಿಯ ದಮ್ಮಿನ ಸಂಘ

ಮಹಾನಂದಾ ಬಾಯಿಯವರು ಮೊದಲ ಸಲ ನಮ್ಮ ಮನೆಗೆ ಬಂದ ದಿನ ನಾನು ಅವರನ್ನು ಹೊರಗೆ ಹಾಕಿದೆ. ಇವತ್ತು ಇಳಕಲ್ಲಿನ ನಮ್ಮ ನೇಕಾರರ ಓಣಿಯಲ್ಲಿ ಆ ಹೆಸರು ತೆಗೆದರೆ ಕೈ ಮುಗಿಯದವರಿಲ್ಲ. ಎಲ್ಲರಿಗಿಂತ ಮೊದಲು ಕೈ ಮುಗಿಯುವವನು ನಾನೇ, ಮುದುಕ ನೇಕಾರ ಅಮಾತೆಪ್ಪ. ಹಾಗಾಗಿ ಅವರ ಕಥೆಯನ್ನು ನನ್ನ ಮೊಂಡತನದಿಂದಲೇ ಶುರು ಮಾಡುವುದು ನ್ಯಾಯ.

ಅವರು ನಮ್ಮ ಭಾಗದ ಸರಕಾರಿ ದವಾಖಾನೆಯ ನರ್ಸು. ಮೂರು ವರ್ಷದ ಹಿಂದೆ, ಬೇಸಿಗೆಯ ಬಿಸಿಲಲ್ಲಿ, ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಮನೆಮನೆ ತಿರುಗುತ್ತ ಬಂದಿದ್ದರು. ಯಾರಿಗೆ ಕೆಮ್ಮಿದೆ, ಯಾರಿಗೆ ದಮ್ಮು, ಅಂದರೆ ಉಬ್ಬಸ, ಇದೆ ಎಂದು ಬರೆದುಕೊಳ್ಳುವ ಕೆಲಸ. ಆಗ ನಮ್ಮ ಮಗ್ಗದ ಮೇಲೆ ಸೊಸೆ ಶಿವಗಂಗಾ ಕೂತಿದ್ದಳು. ಬಾಯಿಯವರು ಒಳಗೆ ಕಾಲಿಟ್ಟವರೇ ಮೂಗಿಗೆ ಸೆರಗು ಹಿಡಿದರು.

"ಯಪ್ಪಾ, ಇಷ್ಟು ದಮ್ಮುಗಟ್ಟೋ ಖೋಲ್ಯಾಗ ಹ್ಯಾಂಗ ಕುಂದರ್ತೀರಿ?" ಎಂದವರು, ನಾನು ಬೇಡ ಎನ್ನುವುದರೊಳಗೆ ಕಿಟಕಿಯ ಚಿಲಕ ತೆಗೆದು ಎರಡೂ ಬಾಗಿಲು ದೂಡಿಬಿಟ್ಟರು.

ಬಿಸಿಗಾಳಿ ನುಗ್ಗಿತು. ನೆಲದಲ್ಲಿ ಗುಂಡಿ ತೋಡಿ ಕೂಡಿಸಿದ ಮಗ್ಗ ನಮ್ಮದು. ಅದರ ಕೋಣೆಯಲ್ಲಿ ಯಾವಾಗಲೂ ಸ್ವಲ್ಪ ತೇವ ಇರಬೇಕು. ಒಣಗಾಳಿ ಬಡಿದರೆ ರೇಷ್ಮೆ ಎಳೆ ಹಪ್ಪಳದ ಹಾಗೆ ಮುರಿಯುತ್ತದೆ. ನೇಕಾರರ ಮನೆಯ ಕೂಸಿಗೂ ಗೊತ್ತಿರುವ ಮಾತು ಇದು. ದವಾಖಾನೆಯವರಿಗೆ ಹೇಗೆ ಗೊತ್ತಿರಬೇಕು? ನಾನು ಓಡಿ ಹೋಗಿ ಕಿಟಕಿ ಮುಚ್ಚುವಷ್ಟರಲ್ಲಿ ಸೆರಗಿನ ಎಳೆಗಳು ಒಂದರ ಹಿಂದೆ ಒಂದು ಹರಿದಿದ್ದವು. ಅವನ್ನು ಮತ್ತೆ ಕೂಡಿಸಲು ಶಿವಗಂಗಾಳಿಗೆ ಅರ್ಧ ದಿನ ಬೇಕಾಗಿತ್ತು.

"ಬಾಯಾರ, ದವಾಖಾನಿ ನಿಮ್ದು, ಮಗ್ಗ ನಮ್ದು. ನಾ ಬಂದು ನಿಮ್ಮ ಸೂಜಿ ಹಿಡ್ಯಾಂಗಿಲ್ಲ, ನೀವು ನಮ್ಮ ಕಿಡಕಿ ಮುಟ್ಟಬ್ಯಾಡ್ರಿ. ನಡೀರಿ ಹೊರಗ."

"ಅಜ್ಜಾರ, ನಾ ಒಳ್ಳೇದಕ್ಕಂತ..."

"ನಿಮ್ಮ ಒಳ್ಳೇದು ಅಲ್ಲಿ ಹರದು ಬಿದ್ದೈತಿ, ನೋಡ್ರಿ."

ಅವರು ಹೋದರು. ನನ್ನ ಹೆಂಡತಿ ಗುರುಲಿಂಗವ್ವ, "ಮನಿಗೆ ಬಂದಾಕಿಗೆ ಒಂದ ತಂಬಿಗಿ ನೀರು ಸುದ್ದಾ ಕೊಡಲಿಲ್ಲ. ನಿಮ್ಮ ಎಳಿ ಹರದದ್ದಷ್ಟ ಕಂಡ್ತು, ಅಕಿ ಮಾರಿ ಹ್ಯಾಂಗಾತು ಕಾಣಲಿಲ್ಲ" ಎಂದು ಊಟದ ಹೊತ್ತಿನವರೆಗೂ ನನ್ನನ್ನು ಝಾಡಿಸಿದಳು.

ಬೇರೆಯವರಾಗಿದ್ದರೆ ಈ ಮನೆಯವರು ಸರಿಯಿಲ್ಲ ಎಂದು ಬರೆದುಕೊಂಡು ಮುಂದೆ ಹೋಗುತ್ತಿದ್ದರು. ಇವರು ಮರುದಿನ ಡ್ಯೂಟಿ ಮುಗಿಸಿ ಮತ್ತೆ ಬಂದರು. ಹೊಸ್ತಿಲ ಆಚೆ ನಿಂತು, "ಅಜ್ಜಾರ, ಕಿಡಕಿ ಯಾಕ ತಗೀಬಾರ್ದು, ನನಗ ಹೇಳಿಕೊಡ್ರಿ. ತಿಳ್ಕೊಂಡ ಹೋಗ್ತೇನಿ" ಎಂದರು.

ಐವತ್ತೈದು ವರ್ಷ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವನು ನಾನು. ಓದಿದವರು ಬಂದು ಸೀರೆಯ ದರ ಕೇಳಿದ್ದಾರೆ, ಫೋಟೋ ತೆಗೆದಿದ್ದಾರೆ. ಹೇಳಿಕೊಡಿ ಎಂದು ಯಾರೂ ಕೇಳಿರಲಿಲ್ಲ. ಒಳಗೆ ಕರೆದು ಕೂಡಿಸಿ ಒಂದು ತಾಸು ಹೇಳಿದೆ. ಅವರು ಎಲ್ಲವನ್ನೂ ಕೇಳಿದರು. ಹರಿದ ಎಳೆಯನ್ನು ಬೆರಳಲ್ಲಿ ಹಿಡಿದು ನೋಡಿದರು. ಕಡೆಗೆ ಒಂದೇ ಒಂದು ಪ್ರಶ್ನೆ ಹಾಕಿದರು.

"ಆತು, ಕಿಡಕಿ ಮುಚ್ಚೇ ಇರ್ಲಿ. ಹಂಗಾದ್ರ ಒಲಿ ಹೊಗಿ ಎತ್ತಾಗ ಹೋಗ್ತೈತ್ರಿ?"

ನಮ್ಮ ಮಗ್ಗದ ಕೋಣೆಗೂ ಅಡಿಗೆಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಗೋಡೆ. ಮನೆಯಲ್ಲಿ ಗ್ಯಾಸ್ ಇತ್ತು. ಆದರೆ ಚಹಾ ಮತ್ತು ಹಾಲಿಗೆ ಮಾತ್ರ. ರೊಟ್ಟಿ ಕಟ್ಟಿಗೆ ಒಲೆಯ ಮೇಲೆಯೇ ಆಗಬೇಕು ಎಂದು ಹಟ ಹಿಡಿದವನು ನಾನು. ಗ್ಯಾಸಿನ ರೊಟ್ಟಿ ತಿಂದರೆ ಕಾಗದ ತಿಂದ ಹಾಗಾಗುತ್ತದೆ ಎನ್ನುತ್ತಿದ್ದೆ. ಕಿಟಕಿ ಮುಚ್ಚಿದ ಮನೆಯಲ್ಲಿ ಆ ಹೊಗೆ ಹೋಗುತ್ತಿದ್ದದ್ದು ಶಿವಗಂಗಾಳ ಎದೆಯೊಳಗೆ.

ಇಲ್ಲಿ ಅವಳ ವಿಷಯ ಬಿಚ್ಚಿ ಹೇಳಬೇಕು. ಶಿವಗಂಗಾ ಬನಶಂಕರಿಯ ಕಡೆಯ ಹುಡುಗಿ, ನನ್ನ ಮಗ ಶಿವಪುತ್ರನ ಹೆಂಡತಿ. ಎರಡು ಮಕ್ಕಳ ತಾಯಿ. ಅವಳ ಕೈ ಮಗ್ಗದ ಮೇಲೆ ಆಡುವುದನ್ನು ನೋಡಿದರೆ ನನಗೆ ನನ್ನ ಪ್ರಾಯ ನೆನಪಾಗುತ್ತಿತ್ತು. ಎರಡನೇ ಹೆರಿಗೆಯ ನಂತರ ಅವಳ ಎದೆಯಲ್ಲಿ ಸೀಟಿ ಹೊಡೆದಂಥ ಸದ್ದು ಶುರುವಾಯಿತು. ಕೇಳಿದವರಿಗೆಲ್ಲ "ನೆಗಡಿ" ಎನ್ನುತ್ತಿದ್ದಳು. ಎರಡು ಸಲ ಉಸಿರು ಸಿಗದೆ ಬಾಗಲಕೋಟೆಗೆ ಒಯ್ದು ಬದುಕಿಸಿಕೊಂಡು ಬಂದಿದ್ದೆವು. ಎರಡನೇ ಸಲ ಅಲ್ಲಿಯ ವೈದ್ಯರು ಶಿವಪುತ್ರನನ್ನು ಪಕ್ಕಕ್ಕೆ ಕರೆದು, ಹೀಗೇ ಬಿಟ್ಟರೆ ಮೂರನೇ ಸಲ ಕೈಗೆ ಸಿಗುವುದು ಕಷ್ಟ ಎಂದಿದ್ದರು. ಮಗ ಅದನ್ನು ನನಗೆ ಹೇಳಿದ. ನಾನು ಯಾರಿಗೂ ಹೇಳಲಿಲ್ಲ. ಅವಳು ಕೆಮ್ಮಿದಾಗಲೆಲ್ಲ ಕೈಯ ಕೆಲಸ ಬಿಟ್ಟು ಅವಳ ಕಡೆ ನೋಡುತ್ತಿದ್ದೆ.

ಬಾಯಿಯವರು ಅವಳ ಪಕ್ಕದಲ್ಲಿ ಕೂತು ಕೇಳಿದರು: "ಎಷ್ಟ ದಿನದಿಂದ ಐತಿ ತಂಗಿ, ಈ ನೆಗಡಿ?"

"ಐದ ವರ್ಷ ಆತ್ರಿ."

"ಐದ ವರ್ಷದ ನೆಗಡಿಗೆ ಬ್ಯಾರೆ ಹೆಸರು ಐತಿ. ಅದನ್ನ ಅಂದ್ರ ನಾಲಿಗಿ ಸುಡೂದಿಲ್ಲ."

ಶಿವಗಂಗಾ ತಲೆ ತಗ್ಗಿಸಿದಳು. ಆಗ ಬಾಯಿಯವರು ತಮ್ಮ ತಾಯಿಯ ಸುದ್ದಿ ಹೇಳಿದರು. ಅವರ ತವರು ಅಮೀನಗಡ. ತಾಯಿ ಯಮನವ್ವ ಕರದಂಟಿನ ಅಂಗಡಿಯೊಂದರ ಹಿತ್ತಿಲಲ್ಲಿ ಕಟ್ಟಿಗೆ ಉರಿಯ ಮುಂದೆ ಕೂತು ಅಂಟು ಹುರಿಯುತ್ತ, ಬೆಲ್ಲದ ಪಾಕ ತಿರುವುತ್ತ ಇಪ್ಪತ್ತು ವರ್ಷ ಕಳೆದವಳು.

"ನಮ್ಮವ್ವನೂ ನೆಗಡಿ ನೆಗಡಿ ಅಂತಿದ್ಲು. ನಾವು ಮೂರು ಮಂದಿ ಹೆಣಮಕ್ಕಳು. ದಮ್ಮಿನ ಮನಿ ಅಂತ ಸುದ್ದಿ ಆದ್ರ ನಮ್ಮನ್ನ ಯಾರು ಲಗ್ನಾ ಮಾಡ್ಕೋತಾರ ಅಂತ ಅಕಿಗೆ ಹೆದರಿಕಿ. ನಾ ನರ್ಸಿಂಗ್ ಎರಡನೇ ವರ್ಷ ಇದ್ದಾಗ ತೀರಿಕೊಂಡ್ಲು. ಅಕಿ ಬ್ಯಾನಿ ಪಾಠ ನಮಗ ಬಂದದ್ದು ಮೂರನೇ ವರ್ಷಕ್ಕ."

ಅಷ್ಟು ಹೇಳಿ ಅವರು ಎದ್ದು ಅಡಿಗೆಮನೆ ನೋಡಲು ಹೋದರು. ಅಳಲಿಲ್ಲ, ಅಳಿಸಲೂ ಇಲ್ಲ. ಅದೇ ವಾರ ಒಲೆ ಹಿತ್ತಿಲಿಗೆ ಹೋಯಿತು, ನೀರು ಕಾಯಿಸಲು ಮಾತ್ರ. ನಾನು ಗ್ಯಾಸಿನ ರೊಟ್ಟಿಗೆ ಮೂರು ದಿನ ಮುಖ ಊದಿಸಿಕೊಂಡೆ. ನಾಲ್ಕನೇ ದಿನ ಹಸಿವೆ ಗೆದ್ದಿತು.

ನಮ್ಮ ಮನೆಯೊಂದರಿಂದ ಅವರಿಗೆ ಸಮಾಧಾನವಾಗಲಿಲ್ಲ. ಓಣಿಯಲ್ಲಿ ದಮ್ಮಿನವರು ಇಪ್ಪತ್ತಾರು ಮಂದಿ ಸಿಕ್ಕಿದ್ದರು. ಒಬ್ಬೊಬ್ಬರಾಗಿ ದವಾಖಾನೆಗೆ ಬಂದರೆ ಐದು ನಿಮಿಷದ ಮಾತು, ಕೈಯಲ್ಲಿ ಚೀಟಿ. ಎಲ್ಲರೂ ಒಂದೆಡೆ ಕೂತು, ವೈದ್ಯರೂ ಅಲ್ಲೇ ಬಂದು ಕೂತರೆ ಹೇಗೆ ಎಂದು ಅವರು ಯೋಚಿಸಿದರು. ದವಾಖಾನೆಯ ತರುಣ ವೈದ್ಯ ಡಾಕ್ಟರ್ ಚೇತನಕುಮಾರ ಒಪ್ಪಿದರು. ಮೊದಲ ಸಭೆ ಒಂದು ಆದಿತ್ಯವಾರ, ಓಣಿಯ ಮಠದ ಪಡಸಾಲೆಯಲ್ಲಿ. ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆ ಸೇರಿ ಮೂವರು, ದಮ್ಮಿನವರು ಇಬ್ಬರು. ಆ ಇಬ್ಬರಲ್ಲಿ ಒಬ್ಬಳು ಕಾಸಿಂಬಿ. ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವವಳು, ನೇಕಾರರಿಗೆ ನೂಲು ಸುತ್ತಿಕೊಡುವುದು ಅವಳ ಕೆಲಸ. ನೂಲಿನ ಧೂಳು ಕುಡಿದು ಕುಡಿದು ಅವಳಿಗೆ ದಮ್ಮು, ಆದರೆ ಮಾತಿಗೆ ಮಾತ್ರ ಯಾವತ್ತೂ ಉಸಿರು ಕಡಿಮೆಯಾಗಿಲ್ಲ.

"ಬಾಯಾರ, ನಿಮ್ಮ ಆಯತವಾರ ನಿಮ್ಮ ಆಫೀಸಿಗೆ. ನಮಗ ಸೂಟಿ ಅಮಾಸಿಗೆ. ಅವತ್ತ ಮಗ್ಗದ ಬಾಯಿ ಮುಚ್ಚಿರ್ತೈತಿ, ಈ ಮಂದಿ ಬಾಯಿ ತೆರದಿರ್ತೈತಿ. ಅವತ್ತ ಬರ್ರಿ" ಎಂದಳು.

ಹಾಗೆ ಶುರುವಾದದ್ದು ನಮ್ಮ ದಮ್ಮಿನ ಸಂಘ. ಅಮವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಪೂಜೆ ಮುಗಿಸಿ, ಊಟ ಮಾಡಿ, ಮಧ್ಯಾಹ್ನ ಪಡಸಾಲೆಯಲ್ಲಿ ಕೂಡುತ್ತಿದ್ದೆವು. ಎರಡನೇ ಸಭೆಗೇ ಮೂವತ್ತು ಜನ. ಡಾಕ್ಟರಿಗೆಂದು ತಂದಿಟ್ಟ ಕುರ್ಚಿಯನ್ನು ಅವರು ಮೂಲೆಗೆ ಸರಿಸಿ ಜಮಖಾನದ ಮೇಲೆ ನಮ್ಮ ಜೊತೆಗೇ ಕೂತರು. ಮೊದಮೊದಲು ಅವರ ಪುಸ್ತಕದ ಮಾತು ಯಾರಿಗೂ ಹಿಡಿಸಲಿಲ್ಲ. ಬಾಯಿಯವರು ಅದನ್ನು ನಮ್ಮ ಮಾತಿಗೆ ತಿರುವಿಕೊಟ್ಟರು. ಪಂಪಿನ, ಅಂದರೆ ಇನ್ಹೇಲರಿನ, ಔಷಧ ಎಳೆದುಕೊಂಡು ಹತ್ತು ಎಣಿಸುವ ತನಕ ಉಸಿರು ಹಿಡಿಯಬೇಕು ಎಂದು ಡಾಕ್ಟರು ಹೇಳಿದರೆ ನಮ್ಮವರು ನಾಲ್ಕಕ್ಕೇ ಬಿಟ್ಟುಬಿಡುತ್ತಿದ್ದರು. "ಲಾಳಿ ಹತ್ತ ಸಲ ಆ ಕಡಿಂದ ಈ ಕಡಿ ಬರೂತನಾ ಹಿಡೀರಿ" ಎಂದರು ಬಾಯಿಯವರು. ಅಂದಿನಿಂದ ಯಾರೂ ತಪ್ಪಲಿಲ್ಲ. ಲಾಳಿಯ ಲೆಕ್ಕ ನಮ್ಮ ಮೈಯಲ್ಲೇ ಇದೆ.

ಪಂಪು ಹಚ್ಚಿಕೊಂಡರೆ ಚಟ ಬೀಳುತ್ತದೆ ಎಂಬ ಹೆದರಿಕೆ ಬಹಳ ಮಂದಿಗೆ ಇತ್ತು. ಕಾಸಿಂಬಿಯೇ ಅದಕ್ಕೆ ಉತ್ತರ ಕೊಟ್ಟಳು: "ನಮ್ಮ ಯಜಮಾನ್ರು ಮೂವತ್ತ ವರ್ಷದಿಂದ ತಂಬಾಕ ತಿಂತಾರ, ಅದನ್ನ ಬಿಡಸಾಕ ಒಬ್ರೂ ಬರಲಿಲ್ಲ. ನಾ ಎಂಟ ದಿನ ಪಂಪ್ ಹಿಡದೇನಿ, ಚಟಾ ಬೀಳ್ತೈತಿ ಅಂತ ಓಣಿ ಮಂದೆಲ್ಲಾ ಬುದ್ಧಿ ಹೇಳಾಕ ಬರ್ತಾರ." ಡಾಕ್ಟರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಪಂಪಿನಲ್ಲಿ ಎರಡು ಬಗೆ. ಒಂದು ದಿನಾ ತಪ್ಪದೆ ಎಳೆಯುವುದು, ದಮ್ಮು ಬಾರದ ಹಾಗೆ ಕಾಯುವುದು. ಇನ್ನೊಂದು ನೀಲಿ ಬಣ್ಣದ್ದು, ದಮ್ಮು ಎದ್ದಾಗ ಕೂಡಲೇ ಎದೆ ಬಿಡಿಸುವುದು. ಶಿವಗಂಗಾ ದಿನದ ಪಂಪು ಬಿಡದೆ ಹಿಡಿದಳು. ಎಂಟು ತಿಂಗಳಾಗುವಷ್ಟರಲ್ಲಿ ಎದೆಯ ಸೀಟಿ ನಿಂತಿತು. ಮಗ್ಗದ ಮೇಲೆ ಕೂತು ಮಕ್ಕಳಿಗೆ ಪಾಠ ಹೇಳಿಕೊಡುವಷ್ಟು ಉಸಿರು ಬಂತು. ನೀಲಿ ಪಂಪು ಗೂಡಿನಲ್ಲಿ ಸುಮ್ಮನೆ ಕೂತಿತ್ತು. ಬದುಕಿಕೊಂಡಳು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ನನ್ನ ತಪ್ಪು ಬರುವುದು ಇಲ್ಲಿ.

ಆ ಸುಮಾರಿಗೆ ನೀಲಿ ಪಂಪು ಎಲ್ಲರಿಗೂ ಸಾಲುವಷ್ಟು ಸಿಗುತ್ತಿರಲಿಲ್ಲ. ಕೆಲವರ ಹತ್ತಿರ ಇತ್ತು, ಕೆಲವರ ಹತ್ತಿರ ಇರಲಿಲ್ಲ. ಒಂದು ಅಮವಾಸ್ಯೆ ಡಾಕ್ಟರು ಬೇರೆ ಕೆಲಸಕ್ಕೆ ಹುನಗುಂದಕ್ಕೆ ಹೋಗಿದ್ದರು. ನಾನು ಎದ್ದು ನಿಂತೆ. ನಮ್ಮದು ಬಸವಣ್ಣನನ್ನು ನಂಬಿದ ಮನೆತನ. ಮೂರನೇ ತರಗತಿಗೇ ಶಾಲೆ ಬಿಟ್ಟರೂ ತಾನೇ ಅಕ್ಷರ ಕೂಡಿಸಿಕೊಂಡು ವಚನ ಓದಿದವನು ಎಂಬ ಹಮ್ಮು ಬೇರೆ.

"ದಾಸೋಹದ ಮಂದಿ ನಾವು. ಒಬ್ಬರ ಗೂಡಿನಾಗ ಔಷಧ ಕೊಳ್ಯಾಕ ಹತ್ತೈತಿ, ಇನ್ನೊಬ್ಬರಿಗೆ ಉಸಿರಿಲ್ಲ. ಇದು ಯಾವ ಧರ್ಮ? ಎಲ್ಲಾ ನೀಲಿ ಪಂಪು ಒಂದ ಡಬ್ಬ್ಯಾಗ ಹಾಕಿ ಇಲ್ಲೇ ಮಠದಾಗ ಇಡೂಣು. ಯಾರಿಗೆ ಬೇಕೋ ಅವರು ಬಂದು ತಗೊಳ್ಳಿ, ತಿರುಗಿ ಇಡ್ಲಿ."

ಮಂದಿ ತಲೆದೂಗಿದರು. ಬಾಯಿಯವರು, "ಅಜ್ಜಾರ, ಅದು ಹಂಗಲ್ಲ..." ಎಂದು ಬಾಯಿ ತೆಗೆದರು.

"ಹ್ಯಾಂಗಲ್ಲ? ಹಂಚಿ ತಿಂದದ್ದು ಎಂದಾರ ಕೆಟ್ಟದ್ದು ಆಗೇತೇನ್ರಿ?" ಎಂದು ನಾನು ದನಿ ಏರಿಸಿದೆ. ಅವರು ಒಂದು ಗಳಿಗೆ ನನ್ನನ್ನೂ, ಪಂಪಿಲ್ಲದ ನಾಲ್ಕು ಜನರನ್ನೂ ನೋಡಿದರು. ಸುಮ್ಮನಾದರು. ಡಬ್ಬಿ ಬಂತು. ಗುರುಲಿಂಗವ್ವ ಅದಕ್ಕೆ ವಿಭೂತಿ ಹಚ್ಚಿ ಹೂ ಏರಿಸಿದಳು. ಮೊದಲು ಪಂಪು ತಂದು ಹಾಕಿದವಳು ಶಿವಗಂಗಾ. ಮಾವ ಎದ್ದುನಿಂತು ಆಡಿದ ಮಾತು, ಮೇಲಾಗಿ ತನಗೆ ಅದು ಬೇಕಾಗಿ ಎಷ್ಟೋ ತಿಂಗಳಾಗಿತ್ತು.

ಮಾರ್ಚ್ ತಿಂಗಳಲ್ಲಿ ನಮ್ಮ ಕಡೆ ವರ್ಷದ ಖಾರ ಮಾಡಿಟ್ಟುಕೊಳ್ಳುತ್ತಾರೆ. ಒಣಮೆಣಸಿನಕಾಯಿ ಬಿಸಿಲಿಗೆ ಹಾಕಿ, ಓಣಿಯ ನಡುವೆಯೇ ನಾಲ್ಕು ಮನೆಯವರು ಸೇರಿ ಒರಳಲ್ಲಿ ಕುಟ್ಟುವುದು ವಾಡಿಕೆ. ಆ ದಿನ ಮಧ್ಯಾಹ್ನ ನಮ್ಮ ಬಾಗಿಲಿಗೆ ಎದುರೇ ಕುಟ್ಟುತ್ತಿದ್ದರು. ಇಡೀ ಓಣಿ ಸೀನುತ್ತ ಕೆಮ್ಮುತ್ತ ನಗುತ್ತಿತ್ತು. ಶಿವಗಂಗಾ ನೀರು ತರಲು ಹೊರಗೆ ಬಂದವಳು ಕೊಡ ಕೆಳಗಿಟ್ಟು ಗೋಡೆ ಹಿಡಿದಳು. ನಾನು ನೋಡುತ್ತಿದ್ದ ಹಾಗೆ ಅವಳ ಹೆಗಲು ಮೇಲೆ ಕೆಳಗೆ ಆಡಲು ಶುರುವಾಯಿತು. ಮಾತು ಬರಲಿಲ್ಲ. ಕೈ ಸನ್ನೆ ಮಾಡಿದಳು.

ಶಿವಪುತ್ರ ಮಠಕ್ಕೆ ಓಡಿ ಡಬ್ಬಿಯಿಂದ ಪಂಪು ತಂದ. ಅವಳು ಎಳೆದಳು. ಫುಸ್ ಎಂದಿತು. ಮತ್ತೆ ಎಳೆದಳು. ಫುಸ್.

"ಬರ್ತೈತಿ, ಬರ್ತೈತಿ ಯವ್ವಾ, ಇನ್ನೊಂದ ಸಲ ಎಳಿ" ಎಂದು ನಾನು ಹೇಳುತ್ತಲೇ ಇದ್ದೆ. ಎಂಟು ಸಲ, ಹತ್ತು ಸಲ. ಅವಳ ತುಟಿಯ ಬಣ್ಣ ತಿರುಗಿತು. ಕಣ್ಣು ನನ್ನ ಮೇಲೆಯೇ ನೆಟ್ಟಿತ್ತು. ಕಾಸಿಂಬಿ ನೂಲಿನ ರಾಟೆ ಬಿಟ್ಟು ಫೋನು ಹಚ್ಚಿ ಒದರಿದಳು: "ಬಾಯಾರ, ಲಗೂನ ಬರ್ರಿ! ಗಂಗಿ ಕೈ ಬಿಟ್ಟು ಹೊಂಟಾಳ್ರಿ!"

ಯಾರದೋ ಗಾಡಿಯ ಹಿಂದೆ ಕೂತು ಬಾಯಿಯವರು ಬಂದರು. ಚಪ್ಪಲಿ ಒಂದೇ ಕಾಲಲ್ಲಿತ್ತು. ಬಂದವರೇ ಪಂಪನ್ನು ಶಿವಗಂಗಾಳ ಕೈಯಿಂದ ತೆಗೆದು ಬದಿಗಿಟ್ಟರು. ತಮ್ಮ ಚೀಲದಿಂದ ಬೇರೆ ಪಂಪು ತೆಗೆದು, ಅದಕ್ಕೊಂದು ಪ್ಲಾಸ್ಟಿಕ್ ಕೊಳವೆ ಜೋಡಿಸಿ ಅವಳ ಬಾಯಿಗೆ ಹಿಡಿದರು.

"ಒಮ್ಮೆಗೆ ಎಳೀಬ್ಯಾಡ ತಂಗಿ. ಸಣ್ಣಗ ನಾಕ ಉಸಿರು. ನನ್ನ ನೋಡು. ಆ ಕಡಿ ನೋಡಬ್ಯಾಡ, ನನ್ನ ನೋಡು. ಹಾಂ. ಇನ್ನೊಮ್ಮೆ." ನಡುವೆಯೇ ತಲೆ ಎತ್ತದೆ, "ಆ ಒರಳಿಗೆ ನೀರ ಸುರೀರಿ. ನೂರಾ ಎಂಟಕ್ಕ ಫೋನ್ ಹಚ್ರಿ" ಎಂದರು. ಅಷ್ಟರಲ್ಲಿ ಡಾಕ್ಟರು ಆಮ್ಲಜನಕದ ಸಣ್ಣ ಸಿಲಿಂಡರು ಹಿಡಿದುಕೊಂಡು ಓಣಿಯಲ್ಲಿ ಓಡಿ ಬರುತ್ತಿದ್ದರು. ಅವರು ಓಡಿದ್ದನ್ನು ಅವತ್ತೇ ನೋಡಿದ್ದು.

ಆಂಬುಲೆನ್ಸಿನಲ್ಲಿ ಬಾಯಿಯವರು, ಶಿವಪುತ್ರ, ನಾನು. ಹುನಗುಂದ ದಾಟಿ ಅಮೀನಗಡದ ಕರದಂಟಿನ ಅಂಗಡಿಗಳ ಸಾಲು ಬಂದಾಗ ಏನು ಮಾತಾಡಬೇಕೆಂದು ತಿಳಿಯದೆ, "ಬಾಯಾರ, ನಿಮ್ಮೂರು ಬಂತು" ಎಂದೆ.

"ಇರ್ಲಿ ಬಿಡ್ರಿ ಅಜ್ಜಾರ. ಅದೆಲ್ಲೂ ಹೋಗೂದಿಲ್ಲ" ಎಂದರು. ಆಮ್ಲಜನಕದ ಮಾಸ್ಕು ಹಿಡಿದುಕೊಂಡಿದ್ದ ಅವರ ಕಣ್ಣು ಶಿವಗಂಗಾಳ ಎದೆಯ ಮೇಲಿಂದ ಏಳಲಿಲ್ಲ.

ಬಾಗಲಕೋಟೆಯ ದವಾಖಾನೆಯಲ್ಲಿ ಅವಳು ಐದು ದಿನ ಇದ್ದಳು. ಮೂರನೆಯ ದಿನ ಕೂತು ಚಹಾ ಕೇಳಿದಳು. ಚಹಾ ತರುವ ನೆವದಲ್ಲಿ ನಾನು ಹೊರಗೆ ಬಂದು ಬೇವಿನ ಗಿಡದ ಕಟ್ಟೆಯ ಮೇಲೆ ಕೂತುಬಿಟ್ಟೆ. ಮುಪ್ಪಿನ ಕಾಲಕ್ಕೆ ನನ್ನನ್ನು ಅಳಿಸಿದ್ದು ಒಂದು ಬಟ್ಟಲು ಚಹಾ.

ಮುಂದಿನ ಅಮವಾಸ್ಯೆಗೆ ಪಡಸಾಲೆ ತುಂಬಿತ್ತು. ಶಿವಗಂಗಾ ಕಂಬಕ್ಕೆ ಒರಗಿ ಕೂತಿದ್ದಳು, ಇನ್ನೂ ನಿತ್ರಾಣ. ಮಂದಿಯಲ್ಲಿ ಸಿಟ್ಟಿತ್ತು. ನೂಲಿಗೆ ಬಣ್ಣ ಹಾಕುವ ಹುಲ್ಲಪ್ಪ ಹಿಂದಿನಿಂದ ಕೂಗಿದ: "ಪಂಪಿನಾಗ ಔಷಧ ಎಲ್ಲಿರ್ತೈತಿ ಬಿಡ್ರಿ, ಬರೇ ಗಾಳಿ. ಇವರನ್ನ ನಂಬಿ ಆ ಹುಡುಗಿ ಹೋಗಿಬಿಡತಿತ್ತು. ಈ ಸಂಘ ಇವತ್ತಿಗೆ ಸಾಕು."

ಡಾಕ್ಟರು ಏಳಲು ಹೋದರು. ಬಾಯಿಯವರು ಅವರನ್ನು ಕೂಡಿಸಿ ತಾವು ಎದ್ದರು.

"ಔಷಧ ಇತ್ತು ಅಣ್ಣಾರ, ಮುಗದಿತ್ತು. ಒಂದು ಪಂಪಿನಾಗ ಇನ್ನೂರ ಸಲ ಅಷ್ಟ ಬರೂದು. ಮನಿಯಾಗ ಒಬ್ರ ಹಿಡದ್ರ ಎಷ್ಟಾತು ಅನ್ನೂದು ನೆನಪಿರ್ತೈತಿ. ಹತ್ತ ಮಂದಿ ಹಿಡದ್ರ ಎಣಸಾವ್ರ ಯಾರು? ಔಷಧ ಮುಗದ ಮ್ಯಾಲೂ ಅದು ಫುಸ್ ಅಂತೈತಿ, ಹಿಡದವ್ರಿಗೆ ತಿಳೂದಿಲ್ಲ. ಇದು ನಿಮಗ ಗೊತ್ತಿದ್ದಿಲ್ಲ. ನನಗ ಗೊತ್ತಿತ್ತು. ಡಬ್ಬಿ ಬ್ಯಾಡ ಅಂತ ಅವತ್ತ ಗಟ್ಟಿಯಾಗಿ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಂದು."

ನನ್ನ ಹೆಸರು ಅವರು ಎತ್ತಲಿಲ್ಲ. ಎತ್ತುತ್ತಾರೆ ಎಂದು ಕಾದಿದ್ದೆ. ಎತ್ತಿದ್ದರೆ ಬಹುಶಃ ಜಗಳಕ್ಕೇ ಇಳಿಯುತ್ತಿದ್ದೆ, ಅಂಥ ಮನುಷ್ಯ ನಾನು. ಸುಮ್ಮನೆ ಎಲ್ಲವನ್ನೂ ತಮ್ಮ ತಲೆಯ ಮೇಲೆ ಹಾಕಿಕೊಂಡು ನಿಂತದ್ದನ್ನು ನೋಡಿ ನಾನೂ ಎದ್ದೆ.

"ಡಬ್ಬಿ ಮಾತು ತಗದಾವ ನಾ" ಎಂದೆ. "ಬಾಯಾರು ಬ್ಯಾಡ ಅನ್ನಾಕ ಬಂದ್ರು, ನಾ ಬಾಯಿ ಮುಚ್ಚಿಸಿದೆ. ನನ್ನ ಸೊಸಿ ಉಸಿರು ತಗದು ಡಬ್ಬ್ಯಾಗ ಹಾಕಿದಾವ ನಾ. ಏನರ ಅನ್ನೂದಿದ್ರ ನನಗ ಅನ್ರಿ."

ಕಾಸಿಂಬಿ ಗುರುಲಿಂಗವ್ವನ ಕಡೆ ತಿರುಗಿ, "ಚಿಗವ್ವಾ, ಪಂಚಾಂಗ ನೋಡ್ರಿ. ಅಮಾತೆಪ್ಪ ಕಾಕಾ ತಪ್ಪು ಒಪ್ಪಿಕೊಂಡಾರಂದ್ರ ಇವತ್ತ ಅಮಾಸಿ ಅಲ್ಲ, ಹುಣ್ಣಿವಿ ಇರಬೇಕು" ಎಂದಳು. ಮೊದಲು ನಕ್ಕವಳು ಶಿವಗಂಗಾ. ನಗುತ್ತ ಕೆಮ್ಮಿದಳು. ಇಡೀ ಸಭೆ ಅವಳ ಕಡೆ ಹೆದರಿ ನೋಡಿತು. "ಏನಿಲ್ಲ, ನಗಿ ಬಂತು" ಎಂದು ಕೈ ಆಡಿಸಿದಳು. ಆಮೇಲೆ ಎಲ್ಲರೂ ನಕ್ಕರು, ಹುಲ್ಲಪ್ಪನೂ.

ಬಾಯಿಯವರು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಅಜ್ಜಾರ, ನಿಮ್ಮ ಮನಸು ತಪ್ಪಲ್ಲ. ಅನ್ನ ಹಂಚಬೇಕು. ಔಷಧ ಅವರವರದ್ದು ಅವರವರ ಹತ್ತಿರ ಇರಬೇಕು. ಇಲ್ಲದವರಿಗೆ ತರಿಸಿಕೊಡೂ ಕೆಲಸ ನಮ್ಮದು, ಅದನ್ನ ನಾವು ಮಾಡಲಿಲ್ಲ, ಅದಕ್ಕ ನೀವು ಡಬ್ಬಿ ಇಟ್ರಿ."

ಡಾಕ್ಟರು ಆ ಮಾತು ಕೇಳಿಸಿಕೊಂಡಿದ್ದರು. ಎರಡು ತಿಂಗಳು ಅವರು ಬಾಗಲಕೋಟೆಗೆ ಅಲೆದು, ಮೇಲಿನವರಿಗೆ ಪತ್ರ ಬರೆದು, ಯಾವ ಮನೆಗೂ ಪಂಪು ತಪ್ಪದ ಹಾಗೆ ಮಾಡಿದರು. ದವಾಖಾನೆಯಲ್ಲಿ ಔಷಧ ಕೊಡುವವರು ಈಗ ಅಮವಾಸ್ಯೆಗೆ ತಾವೂ ಬಂದು, ಪ್ರತಿ ಪಂಪಿನ ಮೇಲೆ ಹೆಸರು ಮತ್ತು ಶುರುಮಾಡಿದ ದಿನ ಬರೆದು, ಹಳೆಯದಾದರೆ ಬದಲಿಸಿಕೊಡುತ್ತಾರೆ. ಒಬ್ಬೊಬ್ಬ ದಮ್ಮಿನವರ ಅಕ್ಕಪಕ್ಕದ ಎರಡು ಮನೆಯವರಿಗೆ ಏನು ಮಾಡಬೇಕೆಂದು ಬಾಯಿಯವರೇ ಕಲಿಸಿದ್ದಾರೆ. ಖಾರ ಈಗ ಊರ ಹೊರಗಿನ ಗಿರಣಿಯಲ್ಲಿ. ಒರಳಿನ ರುಚಿ ಇಲ್ಲ ಎಂದು ಗೊಣಗುವವರು ಇದ್ದಾರೆ. ಅವರಿಗೆ ಉತ್ತರ ಕೊಡುವ ಕೆಲಸ ನನ್ನದು. ಗ್ಯಾಸಿನ ರೊಟ್ಟಿ ತಿಂದು ಬದುಕಿರುವ ನನಗಿಂತ ದೊಡ್ಡ ಸಾಕ್ಷಿ ಬೇಕೆ?

ಬಾಯಿಯವರಿಗೆ ಈ ಕೆಲಸಕ್ಕೆ ಬೇರೆ ಪಗಾರವಿಲ್ಲ. ಅಮವಾಸ್ಯೆ ಆದಿತ್ಯವಾರ ಬಿದ್ದರೆ ಅವರ ಸೂಟಿ ಹೋಗುತ್ತದೆ. ಅವರ ಮಗನ ಶಾಲೆಯ ವಾರ್ಷಿಕೋತ್ಸವ ಒಮ್ಮೆ ಅದೇ ದಿನ ಬಂತು; ಅವನು ನಾಟಕದ ಮೀಸೆ ಅಂಟಿಸಿಕೊಂಡೇ ಸಂಜೆ ಪಡಸಾಲೆಗೆ ಬಂದು ತಾಯಿಗೆ ತೋರಿಸಿ ಹೋದ. ಇಂಥವರಿಗೆ ಏನು ಕೊಡುವುದು? ಸೀರೆ ಕೊಡಲು ಹೋದರೆ ಮುಟ್ಟಲಿಲ್ಲ. "ನೌಕರಿ ಕಳೀತೀರೇನ್ರಿ ಅಜ್ಜಾರ?" ಎಂದು ನಕ್ಕರು. ಕೊಡಲು ನನ್ನ ಹತ್ತಿರ ಇರುವುದು ನಾನೇ ಕಲಿತ ಈ ನಾಲ್ಕಕ್ಷರ. ಅದಕ್ಕೇ ಬರೆದೆ.

ಬಾಗಲಕೋಟೆಯಿಂದ ಬಂದ ಶಿವಗಂಗಾಳಿಗೆ ಮೂರು ಅಮವಾಸ್ಯೆಯ ತನಕ ಮಗ್ಗ ಹತ್ತಲು ನಾನೇ ಬಿಡಲಿಲ್ಲ. ನಾಲ್ಕನೆಯದಕ್ಕೆ ಡಾಕ್ಟರು ಒಂದು ಅಳತೆಯ ಕೊಳವೆಯಲ್ಲಿ ಅವಳಿಂದ ಊದಿಸಿ, ಮುಳ್ಳು ಎಲ್ಲಿಗೆ ಹೋಯಿತು ಎಂದು ನನಗೇ ತೋರಿಸಿದರು. ಮರುದಿನ ಅವಳು ಮಗ್ಗದ ಗುಂಡಿಯಲ್ಲಿ ಕಾಲಿಟ್ಟಳು. ಅಂದಿನಿಂದ ಇಂದಿನವರೆಗೆ ಬಾಗಲಕೋಟೆಯ ದಾರಿ ತುಳಿದಿಲ್ಲ.

ಹೋದ ಅಮವಾಸ್ಯೆಗೆ ಬಾದಾಮಿ ಕಡೆಯ ಒಂದು ದವಾಖಾನೆಯಿಂದ ಇಬ್ಬರು ಹೊಸ ನರ್ಸುಗಳು ಬಂದಿದ್ದರು. ತಮ್ಮ ಊರಿನಲ್ಲೂ ಇಂಥದೊಂದು ಸಂಘ ಕಟ್ಟಬೇಕು, ನೋಡಿ ಕಲಿತು ಹೋಗೋಣ ಎಂದು. ಮಹಾನಂದಾ ಬಾಯಿಯವರು ಕಾಸಿಂಬಿಯ ಪಕ್ಕ ಹಿಂದೆ ಕೂತು ಸೇಂಗಾ ಸುಲಿಯುತ್ತಿದ್ದರು. ಮುಂದೆ ನಿಂತು ಪಂಪು ಹೇಗೆ ಹಿಡಿಯಬೇಕು, ಕೊಳವೆ ಹೇಗೆ ಜೋಡಿಸಬೇಕು, ಔಷಧ ಮುಗಿದದ್ದನ್ನು ಹೇಗೆ ಲೆಕ್ಕ ಇಡಬೇಕು, ಯಾವಾಗ ಕಾಯದೆ ದವಾಖಾನೆಗೆ ಓಡಬೇಕು ಎಂದು ಒಂದೊಂದಾಗಿ ತೋರಿಸಿದವಳು ಶಿವಗಂಗಾ. ಎಲ್ಲ ಮುಗಿದ ಮೇಲೆ ಆ ನರ್ಸುಗಳಲ್ಲಿ ಚಿಕ್ಕವಳು ಗೌರವದಿಂದ ಕೇಳಿದಳು:

"ಸಿಸ್ಟರ್, ನೀವು ಯಾವ ದವಾಖಾನ್ಯಾಗ ಇರ್ತೀರ್ರಿ?"

ಶಿವಗಂಗಾ ಒಮ್ಮೆ ಬಾಯಿಯವರ ಕಡೆ ನೋಡಿದಳು. ಎದೆ ತುಂಬ ಉಸಿರು ತೆಗೆದುಕೊಂಡು ನಕ್ಕಳು.

"ನಾ ಸೀರಿ ನೇಯಾಕಿರಿ."